ತೇರಿಗೆ ಗಾಲಿ ಕೂರಿಸುವ ಕೈ ಬೇಕಾಗಿದೆ



ಬೀಜ, ಗೊಬ್ಬರ, ಔಷಧಿಯ ಮಾತನ್ನು ಈ ಪುಟದಲ್ಲಿ ಓದುತ್ತಲೇ ಇರುತ್ತೀರಿ. ಈ ವಾರ ಬಡಗಿಯ ಮಾತು. ಕೃಷಿ ಇಲಾಖೆಯವನಿಗೆ ಇದರ ಉಸಾಬರಿ ಏಕೆಂದು ಕೇಳಬೇಡಿ. ನೇಗಿಲು, ಕುಂಟೆ, ಕೂರಿಗೆ, ಬಂಡಿ ಮಾಡಿಕೊಟ್ಟು, ಸುಗ್ಗಿಯಲ್ಲಿ ಕಣಕ್ಕೆ ಬಂದು ಆಯ ಒಯ್ಯುತ್ತಿದ್ದ ಬಡಗಿ ನಮ್ಮ ಒಕ್ಕಲುತನದ ಬಲಗೈಯೇ ಆಗಿದ್ದ. ಟ್ರಾಕ್ಟರ್ ಬಂತು, ಕಬ್ಬಿಣದ ಕೂರಿಗೆ ಬಂತು, ಆಯ ನಿಂತಿತು. ಬಡಗಿಯ ಮಗ ಬೆಂಗಳೂರಿನ ಬಸ್ಸು ಹತ್ತಿದ. ಮಳೆ ಕೈಕೊಟ್ಟ ವರ್ಷ ನಮ್ಮ ಮಕ್ಕಳೂ ಅದೇ ಬಸ್ಸು ಹತ್ತುತ್ತಿದ್ದಾರೆ.

ಬಡಗಿತನ ಮುಗಿದ ಕಥೆ ಎನ್ನುವವರುಂಟು. ನಾನು ಒಪ್ಪುವುದಿಲ್ಲ. ಮುಗಿದದ್ದು ಮರದ ನೇಗಿಲಿನ ಕೆಲಸ. ಹಳೆಯದನ್ನು ಕೆಡದಂತೆ ರಿಪೇರಿ ಮಾಡುವ ಕೆಲಸ ಊರೂರಿನಲ್ಲಿ ಕಾದು ಕುಳಿತಿದೆ. ಮಾಡುವವರಿಲ್ಲ.

ತೇರುಗಳನ್ನೇ ನೋಡಿ. ಚಿಗಟೇರಿಯಲ್ಲಿ ನಾರದಮುನಿ, ಕುರುವತ್ತಿಯಲ್ಲಿ ಬಸವೇಶ್ವರ, ಕೊಟ್ಟೂರಿನಲ್ಲಿ ಕೊಟ್ಟೂರೇಶ್ವರ. ತೇರಿಲ್ಲದೆ ನಮ್ಮ ಸೀಮೆಯ ಜಾತ್ರೆಯುಂಟೇ? 2017ರ ಫೆಬ್ರುವರಿಯಲ್ಲಿ ಕೊಟ್ಟೂರಿನ ತೇರು ಜನಸಾಗರದ ನಡುವೆಯೇ ಉರುಳಿ ಬಿದ್ದು ಹಲವರು ಗಾಯಗೊಂಡದ್ದು ನಿಮಗೆ ನೆನಪಿದೆ. ಹಗ್ಗ ಹಿಡಿಯಲು ಸಾವಿರ ಕೈ ಬರುತ್ತವೆ. ಜಾತ್ರೆಗೆ ತಿಂಗಳ ಮೊದಲೇ ಗಡ್ಡೆ, ಅಚ್ಚು, ಗಾಲಿಗಳನ್ನು ತಟ್ಟಿ ನೋಡಿ, ಯಾವುದು ತಡೆಯುತ್ತದೆ, ಯಾವುದು ತಡೆಯದು ಎಂದು ಹೇಳಬಲ್ಲವರು ಎಷ್ಟು ಜನ ಉಳಿದಿದ್ದಾರೆ, ಎಣಿಸಿ ನೋಡಿ.

ಇನ್ನು ನಮ್ಮ ಮಣ್ಣಿನ ಮಾಳಿಗೆ ಮನೆಗಳು. ತೊಲೆ, ಜಂತಿ, ಬೋದಿಗೆ, ಕೆತ್ತನೆಯ ಬಾಗಿಲು ಅಜ್ಜಂದಿರ ಕಾಲದವು. ಕಂಬದ ಬುಡ ಸ್ವಲ್ಪ ಲಡ್ಡಾದರೆ ಸಾಕು, ಸುತ್ತಲೂ ಸಿಮೆಂಟು ಮೆತ್ತುತ್ತೇವೆ. ತೇವ ಹೊರಗೆ ಹೋಗದೆ ಒಳಗೇ ಕೂತು ಕಂಬ ಇನ್ನೂ ಬೇಗ ಕೊಳೆಯುತ್ತದೆ. ಕಂಬವನ್ನು ಕಲ್ಲಿನ ಮೇಲೆ ನಿಲ್ಲಿಸಿದ್ದು ಬರೀ ಚೆಂದಕ್ಕಲ್ಲ, ನೆಲದ ತೇವ ಮತ್ತು ಗೆದ್ದಲು ಮರಕ್ಕೆ ತಾಕದಿರಲೆಂದು. ಬಲ್ಲ ಬಡಗಿ ಮಾಳಿಗೆಗೆ ಊರುಗೋಲು ಕೊಟ್ಟು, ಕೆಟ್ಟಷ್ಟನ್ನೇ ಕೊಯ್ದು, ಅದೇ ಜಾತಿಯ ಒಣಗಿದ ಮರವನ್ನು ಬೆಸೆಯುತ್ತಾನೆ. ಹಸಿ ಮರ ಹಾಕಿದರೆ ಒಣಗಿ ಕುಗ್ಗಿ ಸಂದು ಬಿಡುತ್ತದೆ. ಹಸಿ ಮೆಕ್ಕೆಜೋಳವನ್ನು ಚೀಲಕ್ಕೆ ತುಂಬಿದರೆ ಏನಾಗುವುದೆಂದು ಬಲ್ಲ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ವಿದ್ಯೆ ಕಲಿಯುವುದು ಎಲ್ಲಿ? ಐ.ಟಿ.ಐ.ಗಳ ಮರಗೆಲಸದ ತರಬೇತಿ ಒಂದು ವರ್ಷದ್ದು. ಅಳತೆ, ನಕ್ಷೆ, ಯಂತ್ರದ ಬಳಕೆ ಅಲ್ಲಿ ಬರುತ್ತದೆ. ಕೆತ್ತನೆ ಕಲಿಯಬೇಕೆಂದರೆ ನಮ್ಮ ಸೀಮೆ ದಾಟಿ ಉಡುಪಿ ಜಿಲ್ಲೆಗೆ ಹೋಗಬೇಕು. ಅಲ್ಲಿ ಕಾರ್ಕಳದ ಬಳಿ ಮಿಯಾರಿನಲ್ಲಿ ಕೆನರಾ ಬ್ಯಾಂಕಿನ ಸಿ.ಇ. ಕಾಮತ್ ಕುಶಲಕರ್ಮಿಗಳ ಸಂಸ್ಥೆಯಿದೆ. ಕಲ್ಲು, ಮರ, ಲೋಹದ ಕೆಲಸವನ್ನು ಊಟ ವಸತಿ ಕೊಟ್ಟು ಹದಿನೆಂಟು ತಿಂಗಳು ಉಚಿತವಾಗಿ ಕಲಿಸುತ್ತಾರೆ. ಈಗಾಗಲೇ ಕಸುಬಿನಲ್ಲಿರುವವರಿಗೆ 2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿ.ಎಂ. ವಿಶ್ವಕರ್ಮ ಯೋಜನೆಯಿದೆ. ಉಪಕರಣಕ್ಕೆ 15,000 ರೂಪಾಯಿ, ಶೇಕಡಾ 5ರ ಬಡ್ಡಿಯಲ್ಲಿ ಮೊದಲು ಒಂದು ಲಕ್ಷದವರೆಗೆ ಸಾಲ. ಆದರೆ ಅದರ ಮೂಲ ತರಬೇತಿ ಐದರಿಂದ ಏಳು ದಿನ. ಉಪಕರಣ ಸಿಕ್ಕರೆ ಸಂತೋಷ. ವಾರದಲ್ಲಿ ಬಡಗಿಯಾದೆ ಎಂದುಕೊಳ್ಳಬೇಡಿ. ಬಿತ್ತಿದ ವಾರಕ್ಕೆ ಜೋಳ ಕೊಯ್ದವರುಂಟೇ?

ಯಾವ ಸಂಸ್ಥೆಯೂ ಕೊಡದ ಪಾಠವೊಂದು ನಿಮ್ಮ ಊರಲ್ಲೇ ಇದೆ. ಹಿತ್ತಲ ಗಿಡ ಮದ್ದಲ್ಲ ಎಂದು ಆ ವಯಸ್ಸಾದ ಬಡಗಿಯನ್ನು ನಾವು ಮೂಲೆಗೆ ಕೂರಿಸಿದ್ದೇವೆ. ಅವರಿರುವಾಗಲೇ ಕಲಿಯಬೇಕು. ತೇರಿನ ರಿಪೇರಿಗೆ ಹಣ ಕೂಡಿಸುವಾಗ, ಅವರ ಕೈಕೆಳಗೆ ನಿಲ್ಲುವ ಇಬ್ಬರು ಹುಡುಗರ ದಿನಗೂಲಿಯನ್ನೂ ಗುಡಿ ಸಮಿತಿಯವರು ಸೇರಿಸಿಕೊಳ್ಳಲಿ. ಈ ಕಸುಬು ಇಂಥ ಜಾತಿಯದೇ ಎಂಬ ಕಟ್ಟು ಬೇಡ. ಒಕ್ಕಲಿಗನ ಮಗನೂ, ಮನಸ್ಸಿದ್ದರೆ ಮಗಳೂ ಕಲಿಯಲಿ.

ಒಂದು ಎಚ್ಚರಿಕೆ. ಬಾಗಳಿಯ ಕಲ್ಲೇಶ್ವರನಂಥ ಗುಡಿಗಳು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಇಲಾಖೆಯ ಒಪ್ಪಿಗೆಯಿಲ್ಲದೆ ಅಲ್ಲಿ ಒಂದು ಕಲ್ಲನ್ನೂ ಕದಲಿಸುವಂತಿಲ್ಲ. ಅಂಥಲ್ಲಿ ಕೆಲಸ ಮಾಡಬೇಕಾದವನಿಗೆ ಉಳಿಯ ಜೊತೆಗೆ ಓದುಬರಹವೂ ಬೇಕು.

ಹತ್ತನೇ ತರಗತಿಯಲ್ಲಿ ನಪಾಸಾದವನನ್ನು "ಬಡಗಿ ಕೆಲಸಕ್ಕಾದರೂ ಹಾಕಿ" ಎನ್ನುತ್ತೇವೆ. ಆ "ಆದರೂ" ಎಂಬ ಮಾತು ಬಿಟ್ಟು, ಚುರುಕು ಹುಡುಗನನ್ನೇ ಕಳಿಸಿರಿ. ಹಳೆಯ ಬಾಗಿಲು, ಕಂಬಗಳನ್ನು ಕೊಳ್ಳಲು ವ್ಯಾಪಾರಿ ಅಂಗಳಕ್ಕೆ ಬಂದರೆ, ಬೆಲೆ ಹೇಳುವ ಮೊದಲು ಊರ ಬಡಗಿಯನ್ನು ಕರೆಸಿ ತೋರಿಸಿರಿ. ಮಾರಿದ ಕಂಬ ತಿರುಗಿ ಬರುವುದಿಲ್ಲ. ಅಂಥದನ್ನು ಮಾಡುವ ಕೈ ಊರಲ್ಲಿ ಉಳಿದರೆ ಇನ್ನೊಂದು ಕಂಬ ನಿಂತೀತು.