ಕಣ್ಣಿನ ನರ ಬಾತಿದೆ ಎಂದಾಕ್ಷಣ ಗಾಬರಿ ಬೇಡ, ಉದಾಸೀನವೂ ಬೇಡ

ಕುಂಬಳೆ ಕಡೆಯ ನಮ್ಮ ಪರಿಚಯದ ಮನೆಯೊಂದರ ಹುಡುಗಿ, ಎಂಟನೇ ತರಗತಿ. ಬೋರ್ಡಿನ ಅಕ್ಷರ ಮಸುಕು ಎಂದಳು, ಕನ್ನಡಕ ಮಾಡಿಸಲು ಕರೆದುಕೊಂಡು ಹೋದರು. ಕನ್ನಡಕದ ನಂಬರು ಸಿಕ್ಕಿತು, ಜತೆಗೆ ಇನ್ನೊಂದು ಮಾತೂ ಸಿಕ್ಕಿತು: "ಎರಡೂ ಕಣ್ಣಿನ ನರ ಬಾತ ಹಾಗೆ ಕಾಣ್ತದೆ, ತಲೆಯ ಸ್ಕ್ಯಾನ್ ಮಾಡಿಸಿ." ಚೀಟಿ ಇಂಗ್ಲಿಷಿನಲ್ಲಿ, ವಿವರಣೆ ಅರ್ಧ ಮಲಯಾಳದಲ್ಲಿ. ಮನೆಯವರಿಗೆ ಅರ್ಥವಾದದ್ದು ಒಂದೇ, ಮಗಳ ತಲೆಯಲ್ಲಿ ಗಡ್ಡೆ. ಆ ರಾತ್ರಿ ಅಲ್ಲಿ ಯಾರೂ ಊಟ ಮಾಡಲಿಲ್ಲ.

ಮರುದಿನ ಮಂಗಳೂರಿಗೆ ಓಡಿದರು. ಎಂಆರ್‌ಐ ಆಯಿತು, ಗಡ್ಡೆ ಇಲ್ಲ. ಬೆನ್ನಿನಿಂದ ನೀರು ತೆಗೆದು ನೋಡುವ ಮಾತು ಬರುವ ಹೊತ್ತಿಗೆ ಇನ್ನೊಬ್ಬ ನೇತ್ರತಜ್ಞರು ಮುಚ್ಚಿದ ರೆಪ್ಪೆಯ ಮೇಲೆ ಜೆಲ್ ಹಚ್ಚಿ ಬಿ-ಸ್ಕ್ಯಾನ್ ಹಿಡಿದರು. ಐದು ನಿಮಿಷದ ಕೆಲಸ. ನರದ ತುದಿಯಲ್ಲಿ ಬೆಳ್ಳಗೆ ಹೊಳೆಯುವ ಚುಕ್ಕೆಗಳು ಕಂಡವು. ಇದು ಬಾವಲ್ಲ, 'ಆಪ್ಟಿಕ್ ಡಿಸ್ಕ್ ಡ್ರೂಸೆನ್' ಎಂದರು.

ಹೆಸರು ದೊಡ್ಡದು, ವಿಷಯ ಇಷ್ಟೆ. ಕಣ್ಣಿನ ನರ ಕಣ್ಣುಗುಡ್ಡೆಗೆ ಸೇರುವ ಜಾಗದಲ್ಲಿ ಸುಣ್ಣದಂಶದ ಸಣ್ಣ ಸಣ್ಣ ಕಾಳು ಕಟ್ಟುತ್ತವೆ. ಜರ್ಮನಿಯ ಮ್ಯುಲ್ಲರ್ ಇದನ್ನು ವರ್ಣಿಸಿದ್ದು 1858ರಲ್ಲಿ, ಅಂದರೆ ಹೊಸ ರೋಗವೇನೂ ಅಲ್ಲ. ಮಕ್ಕಳಲ್ಲಿ ಈ ಕಾಳುಗಳು ಆಳದಲ್ಲಿ ಹೂತಿರುತ್ತವೆ. ಮೇಲಿನಿಂದ ನೋಡಿದವರಿಗೆ ನರ ಉಬ್ಬಿದಂತೆ ಮಾತ್ರ ಕಾಣುತ್ತದೆ. ಹದಿಹರೆಯ ಬಂದ ಮೇಲೆ ನಿಧಾನಕ್ಕೆ ಮೇಲೆ ಬಂದು ಕಣ್ಣಿಗೆ ಬೀಳುತ್ತವೆ. ಮುಕ್ಕಾಲು ಪಾಲು ಜನರಿಗೆ ಎರಡೂ ಕಣ್ಣಿನಲ್ಲಿರುತ್ತದೆ. (ವಯಸ್ಸಾದವರ ಅಕ್ಷಿಪಟಲದ ರಿಪೋರ್ಟಿನಲ್ಲಿಯೂ 'ಡ್ರೂಸೆನ್' ಎಂದು ಬರೆದಿರುವುದುಂಟು. ಅದು ಬೇರೆಯೇ ಕಾಯಿಲೆ, ಅಜ್ಜಿಯ ಚೀಟಿ ನೋಡಿ ಮೊಮ್ಮಗಳಿಗೆ ಹೆದರಬೇಡಿ.)

1966ರಲ್ಲಿ ಡೆನ್ಮಾರ್ಕಿನ ಲೊರೆಂಟ್ಸೆನ್ ಎಂಬ ವೈದ್ಯರು ಮೂರು ಸಾವಿರಕ್ಕೂ ಹೆಚ್ಚು ಮಂದಿಯ ಕಣ್ಣು ಪರೀಕ್ಷಿಸಿದಾಗ ಸಾವಿರಕ್ಕೆ 3.4 ಮಂದಿಯಲ್ಲಿ ಇದು ಕಂಡಿತು. ರೋಗಿಯ ಮನೆಯವರಲ್ಲಿ ಇದು ಅದರ ಹತ್ತು ಪಟ್ಟು. ಮರಣೋತ್ತರ ಪರೀಕ್ಷೆಗಳಲ್ಲಿ ನೂರಕ್ಕೆ ಇಬ್ಬರ ತನಕ ಸಿಕ್ಕಿದೆ. ಹೂತಿದ್ದು ಹೊರಗೆ ಕಾಣದೆ ಹೋಗುವವರೇ ಹೆಚ್ಚು ಎಂದಾಯಿತಲ್ಲ!

ಹಾಗಂತ 'ಏನೂ ಆಗುವುದಿಲ್ಲ' ಎಂದು ಚೀಟಿ ಮಡಚಿ ಒಳಗಿಡುವಂತಿಲ್ಲ. ಈ ಕಾಳುಗಳು ನರದ ಎಳೆಗಳನ್ನು ವರ್ಷಾನುಗಟ್ಟಲೆ ಒತ್ತುತ್ತವೆ. ನೇರ ದೃಷ್ಟಿ ಚೆನ್ನಾಗಿಯೇ ಇರುತ್ತದೆ, ಅಂಚಿನ ನೋಟ ಸವೆಯುತ್ತದೆ, ಅದೂ ಹೆಚ್ಚಾಗಿ ಮೂಗಿನ ಬದಿಯ ಕೆಳಭಾಗದಲ್ಲಿ. ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಕಣ್ಣು ತುಂಬುವುದರಿಂದ ಗೊತ್ತೇ ಆಗುವುದಿಲ್ಲ. ಶಾಲೆಯಲ್ಲಿ ಗೋಡೆಗೆ ಅಂಟಿಸಿದ ಅಕ್ಷರದ ಚಾರ್ಟು ಇದನ್ನು ಹಿಡಿಯಲಾರದು. ಅದಕ್ಕೆ ಫೀಲ್ಡ್ ಟೆಸ್ಟ್ ಬೇಕು. ವಿರಳವಾಗಿ ನರಕ್ಕೆ ರಕ್ತ ಸಂಚಾರ ನಿಂತೋ, ಹೊಸ ರಕ್ತನಾಳ ಬೆಳೆದು ಒಸರಿಯೋ ಇದ್ದಕ್ಕಿದ್ದಂತೆ ದೃಷ್ಟಿ ಕುಸಿಯುವುದೂ ಉಂಟು. ಕಾಳು ಕರಗಿಸುವ ಮದ್ದು ಇಲ್ಲ. ಕರಗಿಸಿಕೊಡುತ್ತೇನೆ ಎನ್ನುವವರಿಂದ ದೂರ ಇರುವುದು ಲೇಸು. ಆದರೆ ಹೊಸ ರಕ್ತನಾಳಕ್ಕೆ ಚಿಕಿತ್ಸೆ ಇದೆ, ಕಣ್ಣಿನ ಒತ್ತಡ ಹೆಚ್ಚಿದ್ದರೆ ತಗ್ಗಿಸಲು ಹನಿಮದ್ದು ಇದೆ.

ಇನ್ನೂ ಒಂದು ಮಾತು. ನಿಜವಾಗಿಯೇ ತಲೆಯೊಳಗೆ ಒತ್ತಡ ಹೆಚ್ಚಿ ನರ ಬಾತರೆ ಅದು ತುರ್ತು. ಬೆಳಗಿನ ತಲೆನೋವು, ವಾಂತಿ, ಒಂದು ವಸ್ತು ಎರಡಾಗಿ ಕಾಣುವುದು, ಇವಿದ್ದರೆ ಒಂದು ದಿನವೂ ಕಾಯಬಾರದು. ಡ್ರೂಸೆನ್ ಇದ್ದವರಿಗೆ ಗಡ್ಡೆ ಬರಬಾರದೆಂದು ಕಾನೂನೇನೂ ಇಲ್ಲ. ಆದ್ದರಿಂದ ಯಾವುದು ಯಾವುದೆಂದು ಮನೆಯಲ್ಲಿ ಕೂತು ತೀರ್ಮಾನಿಸುವ ವಿಷಯ ಇದಲ್ಲ. ನನ್ನ ತಕರಾರು ಎಂಆರ್‌ಐ ಬರೆದುಕೊಟ್ಟವರ ಮೇಲೂ ಅಲ್ಲ. ಬೇರೆ ಯಾವ ತೊಂದರೆಯೂ ಇಲ್ಲದ ಮಗುವಿಗೆ ಬಿ-ಸ್ಕ್ಯಾನನ್ನು ಮೊದಲೇ ಯಾಕೆ ಮಾಡಲಿಲ್ಲ ಎಂಬುದು. ಪೊರೆ ದಪ್ಪವಾದ ಕಣ್ಣಿನ ಹಿಂಭಾಗ ನೋಡಲು ಬಳಸುವುದೂ ಇದೇ ಯಂತ್ರ. ಇದರಲ್ಲಿ ವಿಕಿರಣವಿಲ್ಲ, ನೋವಿಲ್ಲ. ಕಾಳು ಇನ್ನೂ ಗಟ್ಟಿಯಾಗದ ಚಿಕ್ಕ ಮಕ್ಕಳಲ್ಲಿ ಇದು ತಪ್ಪಿಸಿಕೊಳ್ಳಬಹುದು ನಿಜ, ಅಂಥಲ್ಲಿ ಒಸಿಟಿ ಎಂಬ ಪರೀಕ್ಷೆ ನೆರವಿಗೆ ಬರುತ್ತದೆ.

ಗಡಿಯಾಚೆಗೂ ಈಚೆಗೂ ಓಡಾಡುವ ನಮ್ಮವರ ಕಷ್ಟ ಮತ್ತೊಂದು. ಇಲ್ಲಿ ತೋರಿಸಿದ ಚೀಟಿ ಇಲ್ಲಿ, ಮಂಗಳೂರಿನ ಫೈಲು ಅಲ್ಲಿ. ಹೊಸ ಡಾಕ್ಟರು ಪ್ರತಿ ಸಲ ಹೊಸದಾಗಿಯೇ ಹೆದರುತ್ತಾರೆ, ಹೆದರಿಸುತ್ತಾರೆ. ನರದ ಫೋಟೋ, ಬಿ-ಸ್ಕ್ಯಾನ್, ಫೀಲ್ಡ್ ಟೆಸ್ಟ್, ಈ ಮೂರರ ಪ್ರತಿಯನ್ನು ಕೇಳಿ ಪಡೆದು ಮನೆಯಲ್ಲಿಡಿ. ಮುಂದಿನ ವರ್ಷ ಹೋಲಿಸಿ ನೋಡಲು ಅದೇ ಆಧಾರ. ಅರ್ಥವಾಗದಿದ್ದರೆ "ಕನ್ನಡದಲ್ಲಿ ಒಮ್ಮೆ ಹೇಳಿ" ಎಂದು ಕೇಳಲು ಸಂಕೋಚ ಎಂತಕ್ಕೆ?

ಆ ಹುಡುಗಿಗೆ ಈಗ ವರ್ಷಕ್ಕೊಮ್ಮೆ ಫೀಲ್ಡ್ ಟೆಸ್ಟ್. ಮನೆಯವರೂ ತೋರಿಸಿಕೊಳ್ಳಲಿ ಎಂದದ್ದಕ್ಕೆ ಅಪ್ಪನೂ ಕೂತರು. ಅವರ ಎರಡೂ ಕಣ್ಣಿನಲ್ಲಿ ಕಾಳುಗಳಿದ್ದವು, ಎಡಗಣ್ಣಿನ ಕೆಳ ಅಂಚಿನ ನೋಟ ಆಗಲೇ ಸ್ವಲ್ಪ ಹೋಗಿತ್ತು. ನಲವತ್ತನಾಲ್ಕು ವರ್ಷದ ಆ ಮನುಷ್ಯನಿಗೆ ಅಂದಿನವರೆಗೆ ಅದರ ಸುಳಿವೇ ಇರಲಿಲ್ಲ.