ಮುಚ್ಚಿಹೋಗುತ್ತಿರುವ ಕಿಂಡಿ

ಗೋಡೆಯಲ್ಲಿರುವ ಕಿಟಕಿಯೊಂದನ್ನು ಮುಚ್ಚುವ ಮೊದಲು ಮನೆಯಲ್ಲಿ ವಾಸಿಸುವವರನ್ನು ಒಂದು ಮಾತು ಕೇಳುವುದು ವಾಡಿಕೆ. ನಾವು ದಿನವೂ ಕೈಯಲ್ಲಿ ಹಿಡಿದು ತಿರುಗುವ ಸ್ಮಾರ್ಟ್‌ಫೋನಿನ ಅಂಚಿನಲ್ಲಿದ್ದ ಪುಟ್ಟ ಕಿಂಡಿ, ಹೆಡ್‌ಫೋನ್ ಜ್ಯಾಕ್, ಈ ಕೆಲವು ವರ್ಷಗಳಲ್ಲಿ ಒಂದೊಂದೇ ಫೋನಿನಿಂದ ಮರೆಯಾಗುತ್ತ ಬಂದಿದೆ. ಕೊಳ್ಳುವವರನ್ನು ಯಾರೂ ಕೇಳಿದಂತೆ ತೋರದು. ಮೂರೂವರೆ ಮಿಲಿಮೀಟರ್ ತೂತಿಗೂ ಒಂದು ಸಂಪಾದಕೀಯವೇ ಎಂದು ವಾಚಕರು ನಕ್ಕಾರು. ತೂತು ಚಿಕ್ಕದೇ, ಅದರ ಮೂಲಕ ನಮ್ಮ ಕಿವಿಗೆ ಬರುತ್ತಿದ್ದ ದನಿ ಚಿಕ್ಕದಾಗಿರಲಿಲ್ಲ.

ಈ ಕಿಂಡಿಯ ವಂಶ ಹಳೆಯದು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕುಳಿತ ನೌಕರರು ತಂತಿಯ ತುದಿಯನ್ನು ಹಲಗೆಯ ತೂತಿಗೆ ಚುಚ್ಚಿ ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುತ್ತಿದ್ದರು. ಆ ಕಾಲು ಅಂಗುಲದ ಪಿನ್ನೇ ಕ್ರಮೇಣ ಸಣ್ಣದಾಗಿ, ಟ್ರಾನ್ಸಿಸ್ಟರ್ ರೇಡಿಯೊಗಳ ಕಾಲದಲ್ಲಿ 3.5 ಮಿ.ಮೀ. ರೂಪ ತಾಳಿತು. 1979ರಲ್ಲಿ ಸೋನಿ ಸಂಸ್ಥೆ ಹೊರತಂದ ಮೊದಲ ವಾಕ್‌ಮನ್ನಿನಲ್ಲಿ ಇಂಥ ಕಿಂಡಿಗಳು ಎರಡಿದ್ದವು; ಒಂದೇ ಹಾಡನ್ನು ಇಬ್ಬರು ಜೊತೆಯಾಗಿ ಕೇಳಲೆಂಬುದು ಉದ್ದೇಶ. ಆ ಅಳತೆಯನ್ನು ಯಾವ ಕಂಪನಿಯೂ ತನ್ನದೊಂದರ ಸೊತ್ತಾಗಿ ಇಟ್ಟುಕೊಳ್ಳಲಿಲ್ಲ. ಸಂತೆಯಲ್ಲಿ ಕೊಂಡ ಇಯರ್‌ಫೋನು ಜಪಾನಿನ ಯಂತ್ರಕ್ಕೆ ಹೊಂದುತ್ತಿತ್ತು. ಅಣ್ಣನ ವಾಕ್‌ಮನ್ನಿನದು ತಮ್ಮನ ಫೋನಿಗೂ ಹೊಂದುತ್ತಿತ್ತು. ಊರ ಕೆರೆಯಂತೆ ಅದು ಎಲ್ಲರಿಗೂ ಸೇರಿದ್ದು.

2016ರ ಸೆಪ್ಟೆಂಬರಿನಲ್ಲಿ ಆಪಲ್ ಸಂಸ್ಥೆ ಐಫೋನ್ 7ರಿಂದ ಈ ಕಿಂಡಿಯನ್ನು ತೆಗೆದುಹಾಕಿತು. ಅದಕ್ಕೆ ಮೊದಲೇ ಹಾಗೆ ಮಾಡಿದವರಿದ್ದರು. ಆದರೆ ದೊಡ್ಡವರು ನಡೆದದ್ದೇ ದಾರಿಯಾಗುವುದು ಲೋಕರೂಢಿ. ವೇದಿಕೆಯ ಮೇಲೆ ಆ ಕಾರ್ಯಕ್ಕೆ ಅವರು ಇಟ್ಟ ಹೆಸರು ‘ಧೈರ್ಯ’. ಗೂಗಲ್ ಅದೇ ವರ್ಷ ತನ್ನ ಪಿಕ್ಸೆಲ್ ಫೋನಿನಲ್ಲಿ ಕಿಂಡಿ ಉಳಿದಿದೆಯೆಂದು ಹೇಳಿಕೊಂಡು, ಮರುವರ್ಷ ತಾನೂ ಮುಚ್ಚಿತು. 2019ರಲ್ಲಿ ಸ್ಯಾಮ್‌ಸಂಗ್‌ನ ನೋಟ್ 10 ಅದೇ ಹಾದಿ ಹಿಡಿಯಿತು. ಈ ಮೂವರೂ ತಂತಿಯಿಲ್ಲದ ಇಯರ್‌ಬಡ್‌ಗಳ ವ್ಯಾಪಾರಿಗಳೂ ಹೌದೆಂಬುದನ್ನು ಇಲ್ಲಿಯೇ ನೆನೆಯುವುದು ಒಳಿತು.

ಎದುರುಪಕ್ಷದ ಮಾತಿನಲ್ಲಿ ಹುರುಳಿಲ್ಲವೆಂದು ನಾವು ಹೇಳಲಾರೆವು. ಫೋನಿನ ಒಡಲು ಇಕ್ಕಟ್ಟಾದುದು. ಕಿಂಡಿ ಹೋದರೆ ಬೇರೆ ಭಾಗಗಳಿಗೆ ಒಂದಿಷ್ಟು ಎಡೆ ದೊರೆಯುವುದು. ತಂತಿ ಗಂಟುಬೀಳುವುದು, ಬಸ್ಸಿನ ನೂಕುನುಗ್ಗಲಿನಲ್ಲಿ ಸಿಕ್ಕಿ ಹರಿಯುವುದು ಎಲ್ಲರ ಅನುಭವ. ಆದರೆ ಕಿಂಡಿಯಿದ್ದರೆ ನೀರು ನುಗ್ಗುವುದೆಂಬ ವಾದ ನಿಲ್ಲದು: 2016ರ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್7 ಕಿಂಡಿಯನ್ನಿಟ್ಟುಕೊಂಡೇ ನೀರನ್ನು ತಡೆದಿತ್ತು. ಒಮ್ಮೆ ಹೋದದ್ದು ಬಾರದೆಂಬುದೂ ಸುಳ್ಳು: ಸೋನಿ ತಾನು ತೆಗೆದಿದ್ದ ಕಿಂಡಿಯನ್ನು 2020ರ ಎಕ್ಸ್‌ಪೀರಿಯಾ ಫೋನಿನಲ್ಲಿ ಮರಳಿ ತಂದಿತು.

ಹೊಸ ಅನುಕೂಲಕ್ಕೆ ತೆರುವ ಬೆಲೆಯನ್ನೂ ಎಣಿಸಬೇಕು. ತಂತಿಯ ಇಯರ್‌ಫೋನಿಗೆ ಹೊತ್ತುಹೊತ್ತಿಗೆ ಕರೆಂಟು ಉಣಿಸಬೇಕಾಗಿಲ್ಲ. ಇಯರ್‌ಬಡ್‌ನೊಳಗಿನ ಪುಟ್ಟ ಲಿಥಿಯಂ ಬ್ಯಾಟರಿ ನೂರಾರು ಬಾರಿ ತುಂಬಿ ಬರಿದಾದ ಮೇಲೆ ಬಳಲುವುದು. ಬಹುಪಾಲು ಇಯರ್‌ಬಡ್‌ಗಳಲ್ಲಿ ಅದನ್ನು ನಾವೇ ಬದಲಾಯಿಸುವಂತಿಲ್ಲ, ಎಸೆಯಬೇಕು. ಅಡಾಪ್ಟರು ಇದೆಯಲ್ಲ ಎನ್ನುವರು. ಅದು ಚಾರ್ಜಿಂಗ್ ಜಾಗವನ್ನು ಆಕ್ರಮಿಸುವುದು, ಬೇಕಾದ ಹೊತ್ತಿಗೆ ಕೈಗೆ ಸಿಗದು. ಕಣ್ಣು ಕಾಣದವರ ಮಾತು ಇನ್ನೂ ಬೇರೆ. ತೆರೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ ದನಿಯೇ ಅವರಿಗೆ ಫೋನಿನ ಕಣ್ಣು. ಬ್ಲೂಟೂತ್‌ನಲ್ಲಿ ಆ ದನಿ ಕ್ಷಣದ ಒಂದಂಶ ತಡವಾಗಿ ತಲಪುವುದು. ಹಾಡು ಕೇಳುವವನಿಗೆ ಲೆಕ್ಕಕ್ಕಿಲ್ಲದ ಈ ವಿಳಂಬ, ಬೆರಳಿಟ್ಟಲ್ಲೆಲ್ಲ ದನಿಗಾಗಿ ಕಾಯುವವರಿಗೆ ದಿನವಿಡೀ ತೊಡಕು.

ಎಲ್ಲಕ್ಕಿಂತ ಗುರುತರವಾದುದು ರೇಡಿಯೊ ವಿಚಾರ. ಫೋನಿನ ಎಫ್.ಎಂ. ರೇಡಿಯೊಗೆ ಇಯರ್‌ಫೋನಿನ ತಂತಿಯೇ ಆಂಟೆನಾ. ಕಿಂಡಿ ಹೋದೊಡನೆ ಆ ಸುಲಭಮಾರ್ಗವೂ ಹೋಯಿತು. ಫೋನುಗಳಲ್ಲಿ ಎಫ್.ಎಂ. ರೇಡಿಯೊ ಇದ್ದರೆ ಅದನ್ನು ಕೆಲಸಮಾಡದಂತೆ ಮುಚ್ಚಿಡಬಾರದೆಂದು ಭಾರತ ಸರ್ಕಾರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ 2023ರಲ್ಲಿ ತಯಾರಕರಿಗೆ ಸಲಹೆ ನೀಡಿತು. ಬಡವರಿಗೂ ವಿಪತ್ತಿನ ಕಾಲಕ್ಕೂ ರೇಡಿಯೊ ಬೇಕೆಂಬುದೇ ಅದರ ಕಾರಣ. 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದ ಕೊಡಗನ್ನು ಕಂಡವರಿಗೆ, ದಾರಿ ಕಡಿದುಹೋದಾಗ ಹೊರಗಿನಿಂದ ಬರುವ ಒಂದು ದನಿಯ ಬೆಲೆ ಏನೆಂದು ವಿವರಿಸಬೇಕಾಗಿಲ್ಲ. ಮೊಬೈಲ್ ಟವರುಗಳು ಮೂಕವಾದಾಗ ಇಂಟರ್‌ನೆಟ್ಟೂ ಮೂಕವಾಗುವುದು. ದೂರದ ರೇಡಿಯೊ ನಿಲಯ ಆಗಲೂ ಮಾತನಾಡಬಲ್ಲದು. 1935ರಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಸ್ಥಾಪಿಸಿದ ನಿಲಯಕ್ಕೆ ‘ಆಕಾಶವಾಣಿ’ ಎಂಬ ಹೆಸರಿತ್ತು. ಮುಂದೆ ಆ ಹೆಸರು ಇಡೀ ದೇಶದ ರೇಡಿಯೊಗೆ ಸಂದಿತು. ಅಂಥ ನಾಡಿನವರು ಈ ವಿಷಯದಲ್ಲಿ ಉದಾಸೀನರಾಗುವುದು ತರವಲ್ಲ.

ಎಲ್ಲ ಫೋನುಗಳಿಗೂ ಕಿಂಡಿ ಕಡ್ಡಾಯವಾಗಲೆಂದು ನಮ್ಮ ಹಟವಿಲ್ಲ. ತಂತಿ ಬೇಡವಾದವರು ಬಿಡಲಿ, ಬೇಕಾದವರಿಗೆ ಇರಲಿ. ಕಡಿಮೆ ಬೆಲೆಯ ಎಷ್ಟೋ ಫೋನುಗಳಲ್ಲಿ ಕಿಂಡಿ ಇನ್ನೂ ಉಳಿದಿದೆ. ಅದನ್ನು ಹಳೆಯ ಕಾಲದ ಅವಶೇಷವೆಂದು ಕಾಣದೆ, ಬಡವರ ಹಕ್ಕೆಂದು ತಯಾರಕರು ಕಾಪಾಡಬೇಕು. ಕೊಳ್ಳುವವರೂ ಅಂಗಡಿಯಲ್ಲಿ ಕ್ಯಾಮೆರಾ ಎಷ್ಟು, ಬಣ್ಣ ಯಾವುದು ಎಂದು ವಿಚಾರಿಸುವ ಜೊತೆಗೆ ಇದನ್ನೂ ಒಂದು ಮಾತು ವಿಚಾರಿಸಲಿ. ನಾವು ಬಾಯಿ ತೆರೆದು ಕೇಳದಿದ್ದರೆ, ಇದು ಯಾರಿಗೂ ಬೇಕಾಗಿರಲಿಲ್ಲವೆಂದು ಅವರು ಬರೆದುಕೊಳ್ಳುವರು. ಆಮೇಲೆ ಕೊರಗಿ ಫಲವಿಲ್ಲ.