ಹಸ್ತ ಮಳೆಗೊಂದು ಅಳತೆಯ ಡಬ್ಬಿ

ಮಕ್ಕಳೇ, ಇಟಗಿಯ ಅಜ್ಜ "ಹಸ್ತಿ ಮಳಿ ಆಗ್ಲಿ, ಬಿಳಿಜ್ವಾಳ ಬಿತ್ತೂಣು" ಎಂದರೆ ಮೂಢನಂಬಿಕೆ ಎಂದು ನಗುವವರಿದ್ದಾರೆ. ಹಾಗೆ ನಗುವುದು ತಪ್ಪೆಂದೇ ನನ್ನ ಅಭಿಪ್ರಾಯ.

ಸೂರ್ಯನ ದಾರಿಯಲ್ಲಿ 27 ನಕ್ಷತ್ರಗಳು. 365 ದಿನಗಳನ್ನು 27ರಿಂದ ಭಾಗಿಸಿ ನೋಡಿ. ಒಂದೊಂದು ಮಳೆಗೆ ಸುಮಾರು ಹದಿಮೂರೂವರೆ ದಿನ. ಇದು ರೈತರ ಕ್ಯಾಲೆಂಡರು. ನಮ್ಮ ಎರೆಭೂಮಿ ಸೆಪ್ಟೆಂಬರ್-ಅಕ್ಟೋಬರ್ ಮಳೆಯನ್ನು ಹಿಡಿದಿಟ್ಟುಕೊಂಡು ಹಿಂಗಾರಿ ಬೆಳೆಗೆ ಕೊಡುತ್ತದೆ. ಆ ದಿನಗಳಿಗೆ ಹೆಸರು ಬೇಡವೇ?

ಆದರೆ ಈ ಕ್ಯಾಲೆಂಡರು ಮೆಲ್ಲಗೆ ಜಾರುತ್ತಿದೆ. ಭೂಮಿಯ ಅಕ್ಷ ಬುಗುರಿಯಂತೆ ಓಲಾಡುವುದರಿಂದ ಋತುಗಳಿಗೂ ನಕ್ಷತ್ರಗಳಿಗೂ ಸುಮಾರು 72 ವರ್ಷಕ್ಕೆ ಒಂದು ದಿನದ ಅಂತರ ಬೀಳುತ್ತದೆ. ಪಕ್ಕದ ಸೂಡಿಯ ನಾಗಕುಂಡವನ್ನು ನೋಡಿದ್ದೀರಲ್ಲವೇ? ಚಾಲುಕ್ಯರ ಕಾಲದ್ದು, ಸುಮಾರು ಸಾವಿರ ವರ್ಷ ಹಳೆಯದು. ಅಂದಿನಿಂದ ಇಂದಿಗೆ ಸುಮಾರು 14 ದಿನ, ಅಂದರೆ ಒಂದು ಇಡೀ ಮಳೆಯಷ್ಟು, ಜಾರಿದೆ! ನಾವು ಹಸ್ತ ಎನ್ನುವ ದಿನಗಳು ಲೆಕ್ಕದ ಪ್ರಕಾರ ಆಗ ಚಿತ್ತೆಯ ದಿನಗಳು. ಗಾದೆಗಳಿಗೆ ಇದು ಗೊತ್ತಿಲ್ಲ.

ಆದ್ದರಿಂದ ಹೆಸರಿನ ಜೊತೆಗೆ ಅಳತೆಯೂ ಬೇಕು. ಪಂಚಾಯಿತಿಗಳಲ್ಲಿ ಸ್ವಯಂಚಾಲಿತ ಮಳೆಮಾಪಕಗಳಿವೆ, ನಾವೇಕೆ ಅಳೆಯಬೇಕು ಎನ್ನುವಿರಾ? ಒಂದು ಹೊಲ ತೊಯ್ದು ಪಕ್ಕದ ಹೊಲ ಒಣಗಿರುವ ಸೀಮೆ ನಮ್ಮದು. ನೇರ ಬದಿಯ ಡಬ್ಬಿಯೊಂದನ್ನು ಮರ, ಗೋಡೆಗಳಿಂದ ದೂರ ಇಡಿ. ಬೆಳಿಗ್ಗೆ 8:30ಕ್ಕೆ (ಹವಾಮಾನ ಇಲಾಖೆಯೂ ಇದೇ ಹೊತ್ತಿಗೆ ಅಳೆಯುತ್ತದೆ) ನೀರಿನ ಎತ್ತರವನ್ನು ಮಿಲಿಮೀಟರಿನಲ್ಲಿ ಬರೆಯಿರಿ. ಪಕ್ಕದಲ್ಲಿ ಮಳೆಯ ಹೆಸರು. ಅದನ್ನು ಅಜ್ಜನಿಂದಲೇ ಕೇಳಿ. ಮಳೆ ಬಾರದ ದಿನ ಸೊನ್ನೆ ಬರೆಯುವುದನ್ನು ಮಾತ್ರ ಮರೆಯಬೇಡಿ.